ತಗಡಿನ ಮೇಲಿನ ಹೆಸರು

ಸಂಜೆ ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಆರ್ಲೆನ್ ಬ್ರೆಕ್ಕೆ ಮಗಳು ಮಾರಿಟ್‌ಳನ್ನು ಕರೆದುಕೊಂಡು ವಿಲ್ಬರ್ಟ್ ಕ್ರಾಟ್ಸ್‌ನ ಕೊಟ್ಟಿಗೆಗೆ ಓಟು ಕೇಳಲು ಬಂದ. ಬಂದವನೇ ಗೋಡೆಗೆ ಒರಗಿಸಿದ್ದ ಕವೆಗೋಲು ತೆಗೆದುಕೊಂಡು ಹಸುಗಳ ಮುಂದೆ ಹುಲ್ಲು ಸರಿಸತೊಡಗಿದ. ರಾಜ್ಯದ ರಾಜಧಾನಿ ಮ್ಯಾಡಿಸನ್‌ನ ಶಾಸನಸಭೆಯಲ್ಲಿ ಆ ಸೀಮೆಯ ಕುರ್ಚಿಯ ಮೇಲೆ ಅವನ ಅಪ್ಪ ಇಪ್ಪತ್ತು ವರ್ಷ, ಅವನು ಇಪ್ಪತ್ತೆರಡು ವರ್ಷ ಕೂತಿದ್ದರು. ಎರಡು ವರ್ಷಕ್ಕೊಮ್ಮೆ ಚುನಾವಣೆ. ಪ್ರತಿ ಸಲವೂ ಬ್ರೆಕ್ಕೆ ಮನೆಯವರು ಇಲ್ಲಿಗೆ ಬಂದು ಕೇಳುವುದು, ಎದುರು ಪಕ್ಷದ ಕ್ರಾಟ್ಸ್ ಬಾಯಿತುಂಬ ಬೈದು ಇಲ್ಲ ಎನ್ನುವುದು ನಡೆದುಬಂದಿತ್ತು. ಈ ಸಲ ನಿಂತಿದ್ದವಳು ಮಾರಿಟ್, ಸೀಮೆಯ ದನದ ಡಾಕ್ಟರು. ಚುನಾವಣೆಗೆ ಹದಿನೇಳು ದಿನ ಉಳಿದಿತ್ತು. ಗೆದ್ದರೂ ಸೋತರೂ ಇನ್ನೂರು ಓಟಿನ ಆಚೆ ಈಚೆ ಎಂದು ಎಲ್ಲರೂ ಹೇಳುತ್ತಿದ್ದರು.

"ಏನಯ್ಯಾ ಆರ್ಲೆನ್, ಮೂರನೇ ಕರುನೂ ಕಟ್ಟೋಕೆ ಹಿಡ್ಕೊಂಡು ಬಂದ್ಯಾ?" ಕ್ರಾಟ್ಸ್ ಹಸುವಿನ ಮಗ್ಗುಲಿನಿಂದ ತಲೆಯೆತ್ತದೆಯೇ ಕೇಳಿದ. "ಆ ಕುರ್ಚಿ ಏನು ನಿಮ್ಮನೆ ಕೊಟ್ಟಿಗೇನಾ, ಅಪ್ಪನಿಂದ ಮಗನಿಗೆ, ಮಗನಿಂದ ಮಗಳಿಗೆ?"

"ಈ ಕೊಟ್ಟಿಗೆ ಮುಂಚೆ ಯಾರದ್ದಾಗಿತ್ತು, ಅಜ್ಜ?" ಮಾರಿಟ್ ಕೇಳಿದಳು.

"ನಮ್ಮಪ್ಪಂದು."

"ಅದಕ್ಕೂ ಮುಂಚೆ?"

"ಅವರಪ್ಪಂದು. ನಾನು ಸೋಮಾರಿಯಾದ್ರೆ ನನ್ನ ಹಸು ಬಡಕಲಾಗುತ್ತೆ, ಅಷ್ಟೆ. ನೀವು ಸೋಮಾರಿಗಳಾದ್ರೆ ಇಡೀ ಸೀಮೇನೇ ಬಡಕಲಾಗುತ್ತೆ!"

ಬೈಗುಳ ಹದಕ್ಕೆ ಬಂತು ಎಂದು ಆರ್ಲೆನ್ ಒಳಗೊಳಗೇ ನಕ್ಕ. ಆದರೆ ಕ್ರಾಟ್ಸ್ ಹಸುವಿನ ಕೆಚ್ಚಲಿನಿಂದ ಯಂತ್ರ ಬಿಡಿಸಿ, ಕೈ ಒರೆಸಿಕೊಂಡು ಎದ್ದು ನಿಂತು ಮಾರಿಟ್‌ಳನ್ನು ನೋಡಿದ. ಅವನ ದನಿ ಇಳಿದುಹೋಯಿತು.

"ನಿನ್ನನ್ನ ಬೈಯೋಕೆ ನಂಗೆ ಬಾಯಿ ಬರಲ್ಲ ಕಣೇ. ಜನವರೀಲಿ ಆ ಹಿಮದಲ್ಲಿ ಬಂದು, ಭುಜದವರೆಗೆ ಕೈ ಹಾಕಿ, ಈ ಹಸು ಹೊಟ್ಟೇಲಿ ಅಡ್ಡ ಸಿಕ್ಕಿದ್ದ ಕರು ತಿರುಗಿಸಿದೆ. ತಾಯೀನೂ ಉಳೀತು, ಕರುನೂ ಉಳೀತು. ಹೋಗು, ಈ ಸಲ ನನ್ನ ಓಟು ನಿಂದೇ."

ತನ್ನ ಅಜ್ಜನಿಗೂ ಅಪ್ಪನಿಗೂ ಸಿಗದೇ ಹೋದದ್ದು ಕೇಳುವ ಮೊದಲೇ ಮಾರಿಟ್‌ಳ ಕೈಗೆ ಬಂದಿತ್ತು. ಆರ್ಲೆನ್ ಮಾತ್ರ ಕವೆಗೋಲನ್ನು ಹುಲ್ಲಿಗೆ ಚುಚ್ಚಿ ನಿಲ್ಲಿಸಿದ.

"ಬೇಡ, ವಿಲ್ಬರ್ಟ್."

"ಅಪ್ಪ!"

"ನಿನಗೇನು ತಲೆ ಕೆಟ್ಟಿದೆಯಾ?" ಕ್ರಾಟ್ಸ್ ಗದರಿದ. "ನಲವತ್ತೆರಡು ವರ್ಷ ಅಪ್ಪ ಮಗ ಬಂದು ಕೇಳಿದ್ರಿ. ಕೊಡ್ತೀನಿ ಅಂದಾಗ ಹೀಗಂತೀಯಲ್ಲ!"

"ಹಳ್ಳದ ಸೇತುವೆ ಬಿರುಕು ಬಿಟ್ಟಿದೆ ಅಂತ ನಮ್ಮಪ್ಪನಿಗೆ ಹೇಳಿದ್ದು ಯಾರು? ನೀನು. ಸ್ಕೂಲ್ ಬಸ್ಸು ಗುಡ್ಡದ ಮಕ್ಕಳನ್ನ ಬಿಟ್ಟು ಹೋಗುತ್ತೆ ಅಂತ ನನ್ನ ಮುಖಕ್ಕೆ ಉಗಿದಿದ್ದೂ ನೀನೇ. ನಮಗೆ ಓಟು ಹಾಕೋರು ಒಬ್ಬರೂ ಬಾಯಿ ಬಿಡಲಿಲ್ಲ, ಬರೀ ಕೈ ಕುಲುಕಿದ್ರು. ನಮ್ಮಿಬ್ಬರನ್ನೂ ನೆಟ್ಟಗೆ ನಡೆಸಿದೋನು ನೀನು, ವಿಲ್ಬರ್ಟ್. ಇವಳನ್ನ ಮಾತ್ರ ಹಾಗೇ ಬಿಟ್ಟುಬಿಡ್ತೀಯಾ?"

"ಇನ್ನೂರು ಓಟಿನ ಪಂದ್ಯ ಇದು, ಅಪ್ಪ," ಮಾರಿಟ್‌ಳ ಮುಖ ಕೆಂಪಾಗಿತ್ತು. "ಸಿಕ್ಕಿದ್ದನ್ನೂ ಯಾಕೆ ಕಳೀತೀಯ?"

ಕ್ರಾಟ್ಸ್ ಮುಂದಿನ ಹಸುವಿನ ಬಳಿಗೆ ಹೋದ. ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಕೆಚ್ಚಲು ಒರೆಸಿದ, ಯಂತ್ರ ಹಚ್ಚಿದ, ಹಾಲು ಇಳಿಯುವುದನ್ನು ಕಾದ. ಆಮೇಲೆ ಸೊಂಟ ಹಿಡಿದುಕೊಂಡು ತಿರುಗಿದ.

"ಹಾಗಾದ್ರೆ ಕೇಳು ಹುಡುಗಿ. ರಸ್ತೆ ಉದ್ದಕ್ಕೂ ನೆಟ್ಟಿದ್ದೀಯಲ್ಲ ಓಟಿನ ಬೋರ್ಡುಗಳು, ಅವು ಯಾರವು?"

"ನಮ್ಮವೇ. ನಮ್ಮಜ್ಜ ಮಾಡಿಸಿದ್ದು. ಗಟ್ಟಿ ತಗಡು, ಅಟ್ಟದಲ್ಲಿ ಹಾಗೇ ಇದ್ವು. ಹೊಸದು ಯಾಕೆ ಅಂತ..."

"ಏನು ಬರೆದಿದೆ ಅದರಲ್ಲಿ?"

"ಬ್ರೆಕ್ಕೆ ಅಂತ."

"ಅಷ್ಟೇ. ಬ್ರೆಕ್ಕೆ! ನಿಮ್ಮಜ್ಜ ನೆಟ್ಟಿದ್ದೂ ಅದೇ, ನಿಮ್ಮಪ್ಪ ನೆಟ್ಟಿದ್ದೂ ಅದೇ. ಆ ತಗಡಿಗೆ ನಾನು ಇಪ್ಪತ್ತೊಂದು ಸಲ ಇಲ್ಲ ಅಂದಿದ್ದೀನಿ, ಇನ್ನೊಂದು ಸಲ ಅನ್ನೋಕೆ ನಂಗೇನೂ ಕಷ್ಟ ಇಲ್ಲ. ಕರು ತಿರುಗಿಸಿದೋಳ ಹೆಸರು ನನಗೆ ಗೊತ್ತು. ಅದನ್ನ ಊರಿಗೆ ಹೇಳ್ಕೊಳ್ಳೋಕೆ ನಿನಗೇನು ನಾಚಿಕೆ? ಅಜ್ಜನ ಕೋಟು ಹಾಕ್ಕೊಂಡು ತೋಳು ಮಡಿಚ್ಕೋತಾ ಓಡಾಡೋ ಮಗು ಥರ! ಓಟಿನ ಮಾತು ಆಮೇಲೆ ನೋಡೋಣ, ನಡಿ."

ಆರ್ಲೆನ್‌ನ ಮುಖ ಗೆಲುವಾಯಿತು. ಕವೆಗೋಲನ್ನು ಮೊದಲಿದ್ದ ಜಾಗದಲ್ಲೇ ಒರಗಿಸಿ, ಪ್ರತಿ ಸಲದಂತೆ ಟೋಪಿ ತೆಗೆದು, "ಬರ್ತೀವಿ ವಿಲ್ಬರ್ಟ್, ಉಪಕಾರ ಆಯ್ತು," ಎಂದ.

ಟ್ರಕ್ಕನ್ನು ಮಾರಿಟ್ ಓಡಿಸಿದಳು. ಕ್ರಾಟ್ಸ್‌ನ ಜಲ್ಲಿದಾರಿ ಟಾರು ರಸ್ತೆಗೆ ಸೇರುವಲ್ಲಿ, ಕೊಯ್ಲಾದ ಜೋಳದ ಹೊಲದ ಅಂಚಿಗೆ, ಅವರದೇ ಒಂದು ಬೋರ್ಡು ನಿಂತಿತ್ತು. ನೀಲಿ ಬಣ್ಣದ ಮೇಲೆ ದಪ್ಪ ಬಿಳಿ ಅಕ್ಷರ. ಅವಳು ಗಾಡಿ ನಿಲ್ಲಿಸಿ ಇಳಿದಳು. ಮದ್ದು ಕೊಟ್ಟ ಹಸುವಿನ ಬೆನ್ನಿಗೆ ಗುರುತು ಹಾಕುವ ಕೆಂಪು ಬಣ್ಣದ ಕಡ್ಡಿಯನ್ನು ಜೇಬಿನಿಂದ ತೆಗೆದಳು. ಗಾಳಿಗೆ ತಗಡು ಪಟಪಟ ಅಲುಗುತ್ತಿತ್ತು. ಯಾರೂ ಕರೆಯದಿದ್ದರೂ ಆರ್ಲೆನ್ ಇಳಿದು ಬಂದ. ಬೋರ್ಡಿನ ಹಿಂದೆ ನಿಂತು ಎರಡೂ ಕೈಯಿಂದ ಅದರ ಮೇಲಂಚನ್ನು ಬಿಗಿಯಾಗಿ ಹಿಡಿದ.

"ಇಂಥವು ಇನ್ನೂ ನೂರಾ ಅರವತ್ತಿವೆ," ಎಂದ.

"ಗೊತ್ತು."

ಅವಳು ಬಗ್ಗಿ, ಮನೆತನದ ಹೆಸರಿನ ಮೇಲ್ಗಡೆ ಉಳಿದಿದ್ದ ಒಂದಿಷ್ಟು ನೀಲಿ ಜಾಗವನ್ನು ಕಣ್ಣಲ್ಲೇ ಅಳೆದಳು. ಕಡ್ಡಿ ತಗಡಿಗೆ ತಾಗುವ ಮೊದಲೇ ನಿಂತಿತು.

"ಅಪ್ಪ, ಬೆರಳು ತೆಗಿ. ಅಲ್ಲಿ ನನ್ನ ಹೆಸರು ಬರಬೇಕು."