ನೀಲಿ ಸೀರೆಯವಳು

ಅಂಗಿಯ ಜೇಬಿನಿಂದ ಕಾಗದ ಹೊರಬರುವಷ್ಟರಲ್ಲಿ ಮಾಯಿಲಪ್ಪ ಹೆಂಡತಿ ಕಾವೇರಮ್ಮನ ಕೈ ಹಿಡಿದ.

"ಅದು ನಿನಗಲ್ಲ."

ಮಡಿಸಿದ ಹಾಳೆಯಲ್ಲಿ ಒಂದು ಚೆಂಡು ಮಲ್ಲಿಗೆಯ ಚಿತ್ರ. ಬಂಟ್ವಾಳದ ಬಸ್ಸುಗಳ ಮೇಲೆ ಹೆಸರು ಬರೆದು ಬದುಕಿದ ಕೈ ಅದು. ಮರೆವಿನ ಕಾಯಿಲೆ ಬಂದ ಮೇಲೂ ಗೆರೆ ನಡುಗಿರಲಿಲ್ಲ. ಕಾವೇರಮ್ಮನಿಗೆಂದು ಆ ಕೈ ಒಂದು ಎಸಳನ್ನೂ ಬಿಡಿಸಿರಲಿಲ್ಲ.

"ಮತ್ತೆ ಯಾರಿಗೆ?" ಗೊತ್ತಿದ್ದೂ ಕೇಳಿದಳು.

"ಗುರುವಾರ ಬರ್ತಾರಲ್ಲ, ನೀಲಿ ಸೀರೆಯವರು." ಅವನ ಮುಖ ಅರಳಿತು. "ಎಷ್ಟು ಚಂದ ನಗ್ತಾರೆ! ನೀನು ನಗುವುದುಂಟಾ? ಮಾತ್ರೆ ತಿನ್ನಿ, ಮೀಯಲಿಕ್ಕೆ ಬನ್ನಿ. ಅಷ್ಟೇ."

ಗುರುವಾರವೆಂದರೆ ಮೂಡುಬಿದಿರೆಯ ಆರೈಕೆ ಕೇಂದ್ರದ ತರಗತಿ. ಮರೆತವರೆಲ್ಲ ಸೇರಿ ಚಿತ್ರ ಬಿಡಿಸುತ್ತಾರೆ, ಹಾಡುತ್ತಾರೆ. ನಡೆಸುವವಳು ಶ್ರಾವ್ಯಾ. ಅವಳ ನಿಯಮ ಎರಡೇ. ಒಳಗೆ ಬರುವವರು ಯಾರೇ ಆಗಲಿ, ಬಣ್ಣದ ಬಟ್ಟೆ ಉಡಬೇಕು. ಮರೆತವರನ್ನು ತಿದ್ದಬಾರದು, ಅವರು ಕಾಗೆಯನ್ನು ನವಿಲು ಎಂದರೆ ಅದು ನವಿಲು.

ಕಾವೇರಮ್ಮ ಅವಳಿಗೆ ಫೋನ್ ಮಾಡಿದಳು. "ಆ ನೀಲಿ ಸೀರೆಯವಳು ಇನ್ನು ಬರುವುದು ಬೇಡ ಮಾರಾಯ್ತಿ."

ಶ್ರಾವ್ಯಾ ಹೇಳಿದಳು: "ಅದು ನಿಮ್ಮ ಕೈಯಲ್ಲೇ ಉಂಟು ಅಕ್ಕ. ಆದರೆ ಅವರು ಬ್ರಷ್ ಮುಟ್ಟುವುದೇ ಅವಳಿಗಾಗಿ."

"ನನಗೆ ಉರಿಯುವುದೂ ಅದೇ."

ನೀಲಿ ಸೀರೆಯವಳಿಗೆ ಮಾಯಿಲಪ್ಪ ಕುರ್ಚಿ ಒರೆಸಿ ಕೊಟ್ಟದ್ದು, ನೀವು ಎಂದು ಕರೆದದ್ದು, ಕಣ್ಣು ಮುಚ್ಚಿ ಹಾಡಿದ್ದು, ಎಲ್ಲವೂ ಕಾವೇರಮ್ಮನ ಎದುರೇ ನಡೆದಿತ್ತು. ಮದುವೆಯ ಹೊಸತರಲ್ಲೂ ಅವನು ಹಾಗೆ ಹಾಡಿರಲಿಲ್ಲ.

ಮುಂದಿನ ಗುರುವಾರ ನೀಲಿ ಸೀರೆಯವಳು ಬರಲಿಲ್ಲ. ಕಾವೇರಮ್ಮ ನಿಯಮ ಮುರಿದು, ಮನೆಯಲ್ಲಿ ಉಡುವ ಮಾಸಲು ಸೀರೆಯಲ್ಲೇ ಹೋಗಿ, ಗಂಡನ ಪಕ್ಕದ ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತಳು.

"ಏಳು. ಅದು ಅವರ ಜಾಗ."

ಅವಳು ಏಳಲಿಲ್ಲ. ಮಾಯಿಲಪ್ಪ ಬಣ್ಣ ಮುಟ್ಟಲಿಲ್ಲ, ಹಾಡಲಿಲ್ಲ. ತರಗತಿ ಮುಗಿಯುವ ತನಕ ಬಾಗಿಲನ್ನೇ ನೋಡಿದ.

ಮನೆಯಲ್ಲಿ ಗಂಜಿ ಆರಿತು. ವಾರ ಕಳೆಯುವುದರೊಳಗೆ ಅವನ ಕೈ ಚಮಚ ಹಿಡಿಯುವುದನ್ನೇ ಮರೆಯತೊಡಗಿತು. ಗೆದ್ದವಳು ಒಬ್ಬಳೇ ಉಂಡಳು. ರುಚಿಸಲಿಲ್ಲ.

ಬುಧವಾರ ಅವಳೇ ಶ್ರಾವ್ಯಾಳಿಗೆ ಹೇಳಿದಳು: "ನಾಳೆ ಅವಳು ಬರ್ತಾಳೆ. ಬರಲಿ, ಹಾಳಾದವಳು."

ಬೆಳಿಗ್ಗೆ ಕೇಂದ್ರದ ವ್ಯಾನ್ ಎಂದಿನಂತೆ ಮಾಯಿಲಪ್ಪನನ್ನು ಕರೆದೊಯ್ದಿತು. ಕಾವೇರಮ್ಮ ಎಂದಿನಂತೆ ಅದರ ಹಿಂದೆ ಬಂದ ಬಸ್ಸು ಹಿಡಿದಳು.

ಬಾಗಿಲಲ್ಲಿ ನೀಲಿ ಸೀರೆ ಕಂಡದ್ದೇ ಮಾಯಿಲಪ್ಪ ಎದ್ದು ನಿಂತ. ಪಕ್ಕದ ಕುರ್ಚಿಯನ್ನು ಅಂಗೈಯಿಂದ ಒರೆಸಿದ. ಅವಳು ಕುಳಿತ ಮೇಲೆ ಜೇಬಿನಿಂದ ಮಲ್ಲಿಗೆಯ ಹಾಳೆ ತೆಗೆದು ಅವಳ ಮಡಿಲಲ್ಲಿಟ್ಟ.

"ಅಡಗಿಸಿಡಿ," ಎಂದ ಮೆಲ್ಲಗೆ. "ನಮ್ಮ ಮನೆಯಲ್ಲಿ ಒಬ್ಬಳುಂಟು. ಅವಳಿಗೆ ಗೊತ್ತಾಗಬಾರದು."

"ನಾನು ಹೇಳುವುದಿಲ್ಲ," ಎಂದು ಕಾವೇರಮ್ಮ ಹಾಳೆಯನ್ನು ನೀಲಿ ಸೆರಗಿನಲ್ಲಿ ಮುಚ್ಚಿಕೊಂಡು ನಕ್ಕಳು.