ಮನೆಯವರ ಸಹಿ

“ಇದೊಂದು ನಡೆಯಲ್ಲ ಸಾರ್,” ಎನ್ನುತ್ತ ಕ್ಲಿನಿಕ್ಕಿನ ತಪಾಸಣೆಗೆ ಬಂದ ಅಧಿಕಾರಿ ಒಂದು ಕಾಗದವನ್ನು ಡಾಕ್ಟರ ಕಡೆಗೆ ಸರಿಸಿದರು. ಸೂಜಿ ಕತ್ತರಿಸುವ ಯಂತ್ರ ಸರಿಯಿತ್ತು, ಕಸದ ಕೆಂಪು ಹಳದಿ ಚೀಲಗಳು ಸರಿಯಿದ್ದವು, ಲಸಿಕೆ ಇಡುವ ಫ್ರಿಜ್ಜೂ ಬೇಕಾದಷ್ಟು ತಣ್ಣಗಿತ್ತು. ತಕರಾರು ಬಂದದ್ದು ನರ್ಸಿನ ಆರೋಗ್ಯ ಪ್ರಮಾಣಪತ್ರಕ್ಕೆ. ನರ್ಸ್ ಎಂದರೆ ಡಾಕ್ಟರ ಹೆಂಡತಿ.

“ಕೆಲಸದವರನ್ನ ವರ್ಷಕ್ಕೊಮ್ಮೆ ಬೇರೆ ಡಾಕ್ಟರು ಪರೀಕ್ಷೆ ಮಾಡಿರಬೇಕು. ಮನೆಯವರೇ ಬರೆದುಕೊಟ್ಟರೆ ಆಗಲ್ಲ. ಸಂಜೆಯೊಳಗೆ ತಂದುಬಿಡಿ, ಲೈಸೆನ್ಸ್ ಮುಂದುವರಿಸೋಕೆ ಬರೀತೀನಿ.”

“ಇಷ್ಟು ವರ್ಷ ನಡೆದಿದೆಯಲ್ಲ?”

“ಇಷ್ಟು ವರ್ಷ ನಾನು ಬಂದಿರಲಿಲ್ಲ.”

ಡಾಕ್ಟರಿಗೆ ಮೈಯೆಲ್ಲ ಉರಿಯಿತು. ಬೆಂಚು ಭರ್ತಿಯಾಗಿ ಜನ ಮೆಟ್ಟಿಲ ಮೇಲೂ ಕೂತಿದ್ದರು. ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದ ಹೊತ್ತು. ಆ ಪತ್ರವನ್ನು ಅವರು ಪ್ರತಿ ವರ್ಷ ಬರೆಯುತ್ತಿದ್ದುದು ಊಟದ ಮೇಜಿನ ಮೇಲೆ. ‘ಪರೀಕ್ಷಿಸಿದ್ದೇನೆ, ಆರೋಗ್ಯವಾಗಿದ್ದಾರೆ’ ಎಂದು ಸಹಿ ಹಾಕುವಾಗ ಆಕೆ ಎದುರಿಗೇ ನಿಂತು ಬಡಿಸುತ್ತಿದ್ದಳು. ನಿಂತು ಬಡಿಸುವವಳಿಗೆ ಇನ್ನೇನು ಪರೀಕ್ಷೆ ಎಂಬುದು ಅವರ ವೈದ್ಯಶಾಸ್ತ್ರ.

“ಪಕ್ಕದ ಬೀದೀಲಿ ಹೊಸ ಹುಡುಗ ಕ್ಲಿನಿಕ್ ಇಟ್ಟಿದ್ದಾನಲ್ಲ, ಅವನ ಹತ್ರ ಒಂದು ಸಹಿ ಹಾಕಿಸ್ಕೊಂಡು ಬಾ,” ಎಂದರು ಹೆಂಡತಿಗೆ. “ಬೇಗ ಬಾ, ಇಂಜೆಕ್ಷನ್‌ಗೆ ಜನ ಕಾಯ್ತಿದ್ದಾರೆ.”

ಅವಳಿಲ್ಲದೆ ಡಾಕ್ಟರಿಗೆ ಕೈ ಮುರಿದಂತಾಯಿತು. ಹತ್ತಿ ಎಲ್ಲಿದೆಯೋ ಸಿಗಲಿಲ್ಲ, ಯಾರ ನಂತರ ಯಾರೆಂದು ತಿಳಿಯಲಿಲ್ಲ, ಬಂದವರೆಲ್ಲ “ನರ್ಸಮ್ಮ ಎಲ್ಲಿ?” ಎಂದೇ ಕೇಳಿದರು. ಒಂದು ಸಹಿಗೆ ಇಷ್ಟು ಹೊತ್ತೇ ಎಂದು ಗೊಣಗುತ್ತಿರುವಾಗ ಆಕೆ ಒಳಗೆ ಬಂದಳು. ಬಾಗಿಲು ಮುಂದೆ ಮಾಡಿ, ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂತಳು.

“ಸಹಿ ಆಯ್ತಾ?”

“ಹಾಕಲಿಲ್ಲ ರೀ. ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟವರು ತುಂಬ ಹೊತ್ತು ತೆಗೀಲೇ ಇಲ್ಲ. ಹೃದಯದ ವಾಲ್ವ್ ಕೆಟ್ಟಿರೋ ಹಾಗಿದೆ, ಇವತ್ತೇ ದೊಡ್ಡಾಸ್ಪತ್ರೆಗೆ ಹೋಗಿ ಅಂದ್ರು.”

“ಅವನಿಗೇನು ಗೊತ್ತು?” ಎನ್ನುತ್ತಲೇ ಡಾಕ್ಟರು ಎದ್ದು ಬಂದು ತಮ್ಮ ಸ್ಟೆತಸ್ಕೋಪನ್ನು ಅವಳ ಎದೆಗೆ ಒತ್ತಿದರು. ಹುಡುಕಬೇಕಾಗಿಯೇ ಬರಲಿಲ್ಲ. ಬಡಿತ ಬಡಿತದ ನಡುವೆ ಒರಟಾಗಿ ಉಜ್ಜಿದಂಥ ಸದ್ದು, ಕಲಿಯುವ ವಿದ್ಯಾರ್ಥಿಗೂ ತಪ್ಪಿಹೋಗದಂಥದ್ದು. ಊರವರ ಎದೆಗೆಲ್ಲ ಕಿವಿಗೊಟ್ಟವರು ಈ ಒಂದು ಎದೆಯನ್ನು ಕೇಳಿರಲಿಲ್ಲ. ಅದನ್ನು ನೆನೆದು ಅವರಿಗೆ ಹೆಂಡತಿಯ ಮುಖ ನೋಡುವುದೇ ಕಷ್ಟವಾಯಿತು.

“ಏದುಸಿರು ಬರ್ತಿತ್ತಾ?”

“ಮೆಟ್ಟಿಲು ಹತ್ತುವಾಗ. ಈಗೀಗ ಮಲಗಿದ್ರೂ ಬರುತ್ತೆ.”

“ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳೋಣ ಅಂದಾಗೆಲ್ಲ ಹೊರಗೆ ಜನ ಕೂತಿರ್ತಿದ್ರು.” ಅವಳ ದನಿಯಲ್ಲಿ ದೂರೇನೂ ಇರಲಿಲ್ಲ.

ಯಾರೋ ಬಾಗಿಲು ತಟ್ಟಿದರು. ಡಾಕ್ಟರು ಬಾಯಿ ತೆರೆಯುವ ಮೊದಲೇ ಆಕೆ ಬಟ್ಟೆ ಸರಿಮಾಡಿಕೊಂಡು ಎದ್ದು, ಬಾಗಿಲು ತೆರೆದು, “ಮುಂದಿನವರು ಬನ್ನಿ,” ಎಂದಳು.