ಬಿಡುವುದನ್ನು ಕಲಿತ ಕೈ

"ಆಳು ಬರ್ತಿದ್ದಾನೆ. ಅಲ್ಲಿವರೆಗೂ ಮುಟ್ಬೇಡ ಅಕ್ಕ," ಎನ್ನುತ್ತ, ಕನ್ನಡಿಗೂ ಅಕ್ಕನಿಗೂ ನಡುವೆ ತಮ್ಮ ನಿಂತುಬಿಟ್ಟ. ಅವನಿಗಿಂತ ಎತ್ತರದ ಆ ಕನ್ನಡಿ ನೃತ್ಯಶಾಲೆಯ ಬಾಗಿಲಲ್ಲಿ ಗೋಡೆಗೆ ಒರಗಿತ್ತು. ಉದ್ದನೆಯ ಓಣಿಯಂಥ ಮೊಗಸಾಲೆ ದಾಟಿಸಿ ಅದನ್ನು ಒಳಗಿನ ಹಾಲ್‌ಗೆ ಒಯ್ಯಬೇಕಿತ್ತು.

"ಆಳು ಯಾಕೋ? ನಾನಿದ್ದೀನಲ್ಲ."

"ನೀನಿದ್ದೀಯ, ಸರಿ. ಜೊತೆಗೆ ಅದೂ ಇದೆಯಲ್ಲ, ನನಗೆ ಅದರದ್ದೇ ಭಯ." ಅವನ ಕಣ್ಣು ಅವಳ ಬಲತೋಳಿನ ತುದಿಯಲ್ಲಿದ್ದ ಕಪ್ಪು ಯಂತ್ರದ ಕೈಯ ಮೇಲಿತ್ತು.

ಇಬ್ಬರೂ ಸೇರಿ ನಡೆಸುತ್ತಿದ್ದ ಗಾಜಿನಂಗಡಿಯಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುತ್ತಿದ್ದದ್ದು ಕತ್ತರಿಸುವುದನ್ನಲ್ಲ, ಕೈಬಿಡುವುದನ್ನು. ಗಾಜು ಜಾರಿದರೆ, ಬಿರುಕು ಬಿಟ್ಟರೆ ಹಿಡಿಯಲು ಹೋಗಬಾರದು. ಬಿಟ್ಟು ಹಿಂದೆ ಸರಿಯಬೇಕು. ತಮ್ಮನಿಗೂ ಅದನ್ನು ಕಲಿಸಿದವಳು ಅಕ್ಕನೇ. ಆದರೆ ಕಳೆದ ವರ್ಷ ದೊಡ್ಡ ಗಾಜೊಂದು ಜಾರಿದಾಗ ಅವಳ ಬಲಗೈ ತಾನಾಗಿ ಮುಂದೆ ಹೋಗಿತ್ತು. ವೈದ್ಯರು ಮೊಣಕೈ ಕೆಳಗೆ ಅದನ್ನು ತೆಗೆಯಬೇಕಾಯಿತು.

ಈ ಹೊಸ ಕೈ ತೋಳಿನಲ್ಲಿ ಉಳಿದ ಸ್ನಾಯುಗಳ ಮಾತು ಕೇಳುತ್ತಿತ್ತು. ಒಳಬದಿಯ ಸ್ನಾಯು ಬಿಗಿದರೆ ಬೆರಳು ಮುಚ್ಚುತ್ತಿದ್ದವು, ಹೊರಬದಿಯದು ಬಿಗಿದರೆ ತೆರೆಯುತ್ತಿದ್ದವು. ಏನೂ ಮಾಡದಿದ್ದರೆ ಹಿಡಿದದ್ದು ಹಿಡಿದಂತೆಯೇ. ಗಾಬರಿಯಾದರಂತೂ ಎರಡೂ ಒಟ್ಟಿಗೆ ಬಿಗಿದು, ಯಾರ ಮಾತು ಕೇಳಬೇಕೆಂದು ತಿಳಿಯದೆ ಕೈ ಕಚ್ಚಿಕೊಂಡೇ ಇರುತ್ತಿತ್ತು.

"ಬಸ್ಸಲ್ಲಿ ಯಾರೋ ಜೋರಾಗಿ ಸೀನಿದ್ದಕ್ಕೆ ನೀನು ಕಂಬ ಬಿಡಕ್ಕಾಗ್ದೆ ಎಲ್ಲೋ ಹೋಗಿ ಇಳಿದ್ಯಲ್ಲ, ಮರೆತ್ಯಾ?" ಎಂದ ತಮ್ಮ. "ಕನ್ನಡಿ ಒಡೆಯೋವಾಗ ಹಂಗೇ ಕಚ್ಕೊಂಡ್ರೆ?"

"ಅದು ಮೊದಮೊದಲು ಕಣೋ. ಆಮೇಲೆ ಬಿಡೋದನ್ನೇ ಕಲಿತೆ. ಆಸ್ಪತ್ರೇಲಿ ಈ ಕೈ ಬಳಸೋದು ಕಲಿಸೋ ಹುಡುಗಿ ನಕ್ಕಳು, ಎಲ್ಲರೂ ಹಿಡಿಯೋದು ಕಲಿಸಿ ಅಂತಾರೆ, ನೀವೊಬ್ಬರೇ ಹಿಂಗೆ ಅಂತ. ಮನೇಲಿ ನಾನು ಲೋಟ ಹಿಡ್ಕೊಂಡು ನಿಲ್ತೀನಿ. ಅಮ್ಮ ಸದ್ದಿಲ್ದೆ ಹಿಂದಿಂದ ಬಂದು ತಟ್ಟೆ ಬಡೀತಾಳೆ. ಬಡಿದ ತಕ್ಷಣ ಬಿಡ್ಬೇಕು."

"ಅದಕ್ಕೇನಾ ಮನೇಲಿರೋ ಲೋಟ ಎಲ್ಲಾ ನೆಗ್ಗಿರೋದು! ನಾನು ಅಮ್ಮನಿಗೆ ವಯಸ್ಸಾಯ್ತು, ಕೈ ನಡುಗುತ್ತೆ ಅಂದ್ಕೊಂಡಿದ್ದೆ."

"ಅಮ್ಮನ ಮುಂದೆ ಹೇಳಿ ನೋಡು." ಅಕ್ಕ ನಗುತ್ತಲೇ ಕನ್ನಡಿಯ ಹತ್ತಿರ ಬಂದಳು. ಮತ್ತೆ ದನಿ ತಗ್ಗಿಸಿ, "ಇದೊಂದು ಸಲ ನನ್ನ ಜೊತೆ ಎತ್ತು. ಕೈ ಮಾತು ಕೇಳದೇ ಹೋದ್ರೆ ನಾಳೆಯಿಂದ ಗಲ್ಲಾದ ಹಿಂದೆ ಕೂತ್ಕೋತೀನಿ. ಮತ್ತೆ ಗಾಜು ಮುಟ್ಟೋ ಮಾತೇ ಎತ್ತಲ್ಲ," ಎಂದಳು.

ಅವಳು ಗಲ್ಲಾದ ಹಿಂದೆ ಕೂತ ದಿನ ಅಂಗಡಿಗೆ ಜೀವ ಇರುವುದಿಲ್ಲವೆಂದು ತಮ್ಮನಿಗೂ ಗೊತ್ತಿತ್ತು. ಅವನು ಕನ್ನಡಿಯ ಇನ್ನೊಂದು ತುದಿಗೆ ಹೋಗಿ ನಿಂತ.

ಇಬ್ಬರೂ ಕನ್ನಡಿಯ ಒಂದೇ ಬದಿಗಿದ್ದರು. ಅಕ್ಕನ ಎಡಗೈ ಕೆಳಗಿನ ಅಂಚಿಗೆ, ಬಲಗೈ ಪಕ್ಕದ ಅಂಚಿಗೆ. ಕಪ್ಪು ಬೆರಳುಗಳು ಗುಂಯ್ ಎಂದು ಮುಚ್ಚಿಕೊಂಡವು. "ಎತ್ತು," ಅಂದಳು ಅಕ್ಕ. ಕನ್ನಡಿ ಮೇಲೆದ್ದಿತು. ಅದರೊಳಗೆ ಮೊಗಸಾಲೆಯ ಕಿಟಕಿಗಳು ಒಂದೊಂದಾಗಿ ಮೆರವಣಿಗೆ ಹೊರಟವು. ಮುಂದೆ ಅಕ್ಕ, ಹಿಂದೆ ತಮ್ಮ. ಹೆಜ್ಜೆಗೆ ಹೆಜ್ಜೆ ಹಳೆಯ ದಿನಗಳಂತೆಯೇ ಕೂಡಿಬಂದಿತು. ತಮ್ಮನ ಉಸಿರು ಸಡಿಲವಾಯಿತು. ಅವನು ಕಪ್ಪು ಕೈಯನ್ನೇ ನೋಡುತ್ತ ನಡೆದ, ಗೋಡೆಯಿಂದ ಹೊರಚಾಚಿದ್ದ ನೀರಿನ ಕೊಳವೆಯನ್ನು ನೋಡಲಿಲ್ಲ.

ಟಿಕ್ ಎಂದಿತು. ಕೊಳವೆಗೆ ತಗುಲಿದ ಅವನ ಕಡೆಯ ಮೂಲೆಯಿಂದ ಕೂದಲೆಳೆಯಂಥ ಗೆರೆಯೊಂದು ಹೊರಟು ಕನ್ನಡಿಯ ಅಡ್ಡಕ್ಕೆ ಓಡಿತು.

"ಬಿಡು!" ಅಕ್ಕ ಕೂಗಿದಳು. ಆ ಮಾತು ಮುಗಿಯುವ ಮೊದಲೇ ಕಪ್ಪು ಬೆರಳು ಐದೂ ಅರಳಿದ್ದವು, ಅವಳು ಹಿಂದಕ್ಕೆ ಹಾರಿದ್ದಳು. ಕನ್ನಡಿಯ ಅವಳ ಕಡೆಯ ತುದಿ ನೆಲಕ್ಕೆ ಕುಸಿಯಿತು. ಕನ್ನಡಿ ಆಚೆ ಬದಿಗೆ ವಾಲತೊಡಗಿತು. ಅದರ ಜೊತೆ ತಮ್ಮನೂ ವಾಲಿದ. ಅವನ ಎರಡೂ ಕೈ ಅಂಚಿಗೆ ಅಂಟಿಕೊಂಡಿದ್ದವು. ಗೆರೆ ಕವಲೊಡೆದು ಅವನ ಬೆರಳುಗಳತ್ತ ತಿರುಗಿತು.

"ಬಿಡೋ! ಕೇಳಿಸ್ತಿಲ್ವಾ? ಬಿಡು!" ಹೊಸದಾಗಿ ಕೆಲಸಕ್ಕೆ ಬಂದವರನ್ನು ಗದರುವ ದನಿಯದು. ತಮ್ಮ ಬೆಚ್ಚಿ ಕೈಬಿಟ್ಟ. ಕನ್ನಡಿ ಆಚೆಗೆ ಬಿದ್ದು ಮೊಗಸಾಲೆಯ ತುಂಬ ಹರಡಿಕೊಂಡಿತು.

ಸದ್ದಿಗೆ ನೃತ್ಯದ ಟೀಚರ್ ಓಡಿ ಬಂದರು. ಮೊದಲು ನೆಲ ನೋಡಿದರು. ಆಮೇಲೆ, ಬೇರೆ ಎಲ್ಲೂ ಹುಡುಕಲು ಹೋಗದೆ, ನೇರವಾಗಿ ಯಂತ್ರದ ಕೈ ನೋಡಿದರು. "ಅಯ್ಯೋ ಪಾಪ! ಈ ಕೈಯಿಂದ ಜಾರ್ತಾ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ತಮ್ಮ ಮುಂದೆ ಬಂದ. "ಇಲ್ಲ ಮೇಡಂ, ಅದು ಸರಿಯಾಗಿ ಬಿಡ್ತು. ಬಿಡೋದು ಇನ್ನೂ ಕಲೀಬೇಕಾಗಿರೋದು ಇವು," ಎಂದು ತನ್ನೆರಡು ಕೈಗಳನ್ನು ಚಾಚಿ ತೋರಿಸಿದ. ಅವುಗಳ ಬೆರಳುಗಳು ಇಲ್ಲದ ಕನ್ನಡಿಯನ್ನು ಇನ್ನೂ ಹಿಡಿದುಕೊಂಡೇ ಇದ್ದವು.